ಬಿ.ಎಚ್. ರಸ್ತೆಯ ಇನ್ನೊಂದು ತುದಿ

ಸಂಪಾದಕರಿಗೆ,

ಮಾನ್ಯರೇ,

ಎಪ್ಪತ್ತು ದಾಟಿದವರಿಗೆ ವಾಹನ ಚಾಲನಾ ಪರವಾನಗಿಯನ್ನು ನವೀಕರಿಸಿಕೊಡಬಾರದು, ಹೆದ್ದಾರಿಗಳಲ್ಲಂತೂ ಅವರು ಕಾರು ಓಡಿಸುವುದನ್ನು ಪೂರ್ತಿ ನಿಷೇಧಿಸಬೇಕು ಎಂದು ಓದುಗರೊಬ್ಬರು ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರ ಕಾಳಜಿ ಸುಳ್ಳಲ್ಲ. ಆದರೆ ಎಪ್ಪತ್ತಮೂರರ ವಯಸ್ಸಿನಲ್ಲಿ, 2025ರ ನವೆಂಬರಿನಲ್ಲಿ, ರಾಜಾಜಿನಗರದ ಮನೆಯಿಂದ ಹೊನ್ನಾವರದ ಕಡಲಿನವರೆಗೆ ಒಬ್ಬನೇ ಕಾರು ಓಡಿಸಿಕೊಂಡು ಹೋಗಿ ಹನ್ನೊಂದು ದಿನಗಳ ಮೇಲೆ ಕ್ಷೇಮವಾಗಿ ಮರಳಿದ ನನಗೆ, ಅವರ ಪತ್ರದಲ್ಲಿ ಬಾರದ ಒಂದು ಸಂಗತಿಯನ್ನು ಹೇಳಲೇಬೇಕೆನಿಸಿದೆ. ಪತ್ರ ಉದ್ದವಾಗಿದೆ, ಕತ್ತರಿಸುವುದು ಅನಿವಾರ್ಯವಾದರೆ ನಡುವಿನಲ್ಲಿ ಕತ್ತರಿಸಿ, ಕೊನೆಯ ಭಾಗವನ್ನು ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.

ನಾನು ವಿದ್ಯುತ್ ಮಂಡಳಿಯ ನಿವೃತ್ತ ನೌಕರ. ಕೆಇಬಿ ಎಂದು ಜನ ಕರೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, 1999ರಲ್ಲಿ ಅದು ಕೆಪಿಟಿಸಿಎಲ್ ಆದ ಮೇಲೂ ಅದೇ ಕುರ್ಚಿಯಲ್ಲಿ ಕುಳಿತು, 2012ರಲ್ಲಿ ನಿವೃತ್ತನಾದೆ. ನಗರದ ಹೊರವಲಯದ ಸ್ಟೇಷನ್ನಿನಲ್ಲಿ ಶರಾವತಿಯ ಕಡೆಯಿಂದ ಬರುವ ಲೈನುಗಳ ವೋಲ್ಟೇಜು, ಆಂಪಿಯರುಗಳನ್ನು ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸದ ಬಹುಭಾಗವಾಗಿತ್ತು. ಶರಾವತಿ ಎಂಬ ಹೆಸರನ್ನು ನನ್ನ ಕೈ ಎಷ್ಟು ಸಾವಿರ ಸಲ ಬರೆದಿದೆಯೋ ಲೆಕ್ಕವಿಲ್ಲ. ಆದರೆ ಆ ನದಿಯನ್ನು ನಾನು ನೋಡಿರಲಿಲ್ಲ.

ನನ್ನ ಪತ್ನಿ ತಿಪಟೂರಿನವರು. ಅವರ ತವರುಮನೆಯ ವಿಳಾಸ ಬಿ.ಎಚ್. ರಸ್ತೆ. ತುಮಕೂರಿನಲ್ಲಿಯೂ ಬಿ.ಎಚ್. ರಸ್ತೆ ಇದೆ, ಭದ್ರಾವತಿಯಲ್ಲಿಯೂ ಇದೆ, ಶಿವಮೊಗ್ಗದಲ್ಲಿಯೂ ಇದೆ, ಸಾಗರದಲ್ಲಿಯೂ ಇದೆ. ಆಯಾ ಊರಿನವರು ಅದು ತಮ್ಮ ಊರಿನದೇ ರಸ್ತೆ ಎಂದುಕೊಂಡಿರುತ್ತಾರೆ. ನನ್ನ ಪತ್ನಿಯೂ ಚಿಕ್ಕಂದಿನಲ್ಲಿ ಬಿ.ಎಚ್. ಎಂದರೆ ಯಾರೋ ದೊಡ್ಡ ಮನುಷ್ಯರ ಇನಿಷಿಯಲ್ ಎಂದು ತಿಳಿದಿದ್ದರಂತೆ. ಅದು ಬೆಂಗಳೂರು–ಹೊನ್ನಾವರ ರಸ್ತೆ, ಹೀಗೇ ಹೋದರೆ ಜೋಗ ಸಿಗುತ್ತದೆ, ಘಟ್ಟ ಇಳಿದರೆ ಸಮುದ್ರವೇ ಸಿಗುತ್ತದೆ ಎಂದು ಅವರ ತಂದೆ ಹೇಳಿದ ದಿನದಿಂದ, ಮನೆಯ ಜಗಲಿಯ ಮುಂದಿನ ದಾರಿ ಕಡಲಿಗೆ ಹೋಗುತ್ತದೆ ಎಂಬುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. 1978ರಲ್ಲಿ ನಮ್ಮ ಮದುವೆಯಾದ ಮೊದಲ ವರ್ಷವೇ, "ಒಂದು ಸಲ ಕೊನೆ ತನಕ ಹೋಗಿ ಬರೋಣ" ಎಂದಿದ್ದರು. ನಾನು ಆಗಲಿ ಎಂದಿದ್ದೆ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್, ರಜೆ ಇಲ್ಲ. ಮಳೆಗಾಲದಲ್ಲಿ ಲೈನ್ ಟ್ರಿಪ್ ಆಗುವ ಕಾಲ, ರಜೆ ಇಲ್ಲ. ಚಳಿಗಾಲ ಬಂದರೆ ಮಕ್ಕಳ ಓದು, ಪರೀಕ್ಷೆ. ನಿವೃತ್ತಿಯಾದ ಮೇಲೆ ಮೊಮ್ಮಕ್ಕಳು, ಆಮೇಲೆ ಅವರ ಮಂಡಿನೋವು, ಆಮೇಲೆ ಕೊರೊನಾ. ಹೋಗುತ್ತಿದ್ದುದೆಲ್ಲ ರೈಲಿನಲ್ಲಿ ತಿಪಟೂರಿನವರೆಗೆ, ಬಹಳವೆಂದರೆ ಅರಸೀಕೆರೆಯವರೆಗೆ. ನಲವತ್ತೈದು ವರ್ಷಗಳ ಸಂಸಾರದಲ್ಲಿ ಅರಸೀಕೆರೆ ದಾಟಲಿಲ್ಲ. 2023ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅದೇ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ನಾಲ್ಕು ತಿಂಗಳು ಇದ್ದಿದ್ದರೆ ನನ್ನನ್ನು ಕಾಯದೆ ತಾವೇ ಬಸ್ಸು ಹತ್ತಿ ಹೋಗಿಬರುತ್ತಿದ್ದರೇನೋ ಎಂದು ನಾನು ಈಗಲೂ ಅಂದುಕೊಳ್ಳುವುದುಂಟು.

ಅವರು ಹೋದ ಮೇಲಿನ ಎರಡೂವರೆ ವರ್ಷಗಳ ಬಗ್ಗೆ ದೂರು ಹೇಳಿದರೆ ಕೃತಘ್ನನಾಗುತ್ತೇನೆ, ಏಕೆಂದರೆ ಮಕ್ಕಳು ನನಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಹಾಲು ಬೆಳಿಗ್ಗೆ ತಾನಾಗಿ ಬಾಗಿಲಿಗೆ ಬರುವಂತೆ, ತರಕಾರಿ, ದಿನಸಿ, ಔಷಧಿ ಎಲ್ಲವೂ ಮಗನ ಫೋನಿನಿಂದಲೇ ಮನೆಗೆ ಬರುವಂತೆ, ಕರೆಂಟು, ನೀರಿನ ಬಿಲ್ಲುಗಳು ನನಗೆ ಗೊತ್ತಾಗದಂತೆಯೇ ಕಟ್ಟಿಹೋಗುವಂತೆ ವ್ಯವಸ್ಥೆಯಾಯಿತು. ಅಡುಗೆಗೆ ಒಬ್ಬರು ಬಂದರು. "ಅಪ್ಪ, ನೀವು ಆರಾಮಾಗಿ ಕೂತಿರಿ" ಎಂಬುದು ಮನೆಯ ಮಾತಾಯಿತು. ನಾನು ಕೂತೆ. ಕೂತು ಕೂತು, ಮೂಲೆಯ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತರಲೂ ಕಾರಣವಿಲ್ಲದವನಾದೆ. ಗಡಿಯಾರ ನೋಡಿ ಊಟ ಮಾಡುತ್ತಿದ್ದೆನೇ ಹೊರತು ಹಸಿದು ಊಟ ಮಾಡಿದ ನೆನಪಿಲ್ಲ. ಉದ್ಯಾನದಲ್ಲಿ ನನ್ನ ವಯಸ್ಸಿನವರು ಸಿಕ್ಕಿದರೆ ಮಾತು ಮಾತ್ರೆಗಳಿಂದ ಶುರುವಾಗಿ ಮಾತ್ರೆಗಳಲ್ಲೇ ಮುಗಿಯುತ್ತಿತ್ತು.

ಹೀಗಿರುವಾಗ ಪತ್ನಿಯ ಬೀರುವಿನ ಕೆಳಗಿನ ಖಾನೆಯನ್ನು ತೆಗೆದು ಸರಿಪಡಿಸುವಾಗ ಒಂದು ಕಟ್ಟು ಇನ್‌ಲ್ಯಾಂಡ್ ಪತ್ರಗಳು ಸಿಕ್ಕಿದವು. ಎಲ್ಲ ನನ್ನ ಮಾವನವರು ಬರೆದವು. ಕಳುಹಿಸಿದವರ ವಿಳಾಸದ ಜಾಗದಲ್ಲಿ ಪ್ರತಿಯೊಂದರಲ್ಲೂ ಅದೇ ದುಂಡಗಿನ ಅಕ್ಷರದಲ್ಲಿ 'ಬಿ.ಎಚ್. ರಸ್ತೆ, ತಿಪಟೂರು'. ಆ ರಾತ್ರಿ ನಿದ್ದೆ ಬರಲಿಲ್ಲ, ಆದರೆ ಬಹಳ ಕಾಲದ ಮೇಲೆ ಮೊದಲ ಬಾರಿಗೆ ದುಃಖದಿಂದಲ್ಲ, ಲೆಕ್ಕಾಚಾರದಿಂದ ನಿದ್ದೆ ಕೆಟ್ಟಿತ್ತು.

ಮಗ ಬೇಡವೆಂದ. ಡ್ರೈವರ್ ಇಟ್ಟುಕೊಳ್ಳಿ ಎಂದ, ಇಲ್ಲವಾದರೆ ಡಿಸೆಂಬರಿನಲ್ಲಿ ತಾನೇ ಎರಡು ದಿನ ರಜೆ ಹಾಕಿ ಕರೆದೊಯ್ಯುತ್ತೇನೆ ಎಂದ. ಕರೆದೊಯ್ಯುವವರು ಇದ್ದರೆ ನಾನು ಮತ್ತೆ ಕೂತಿರಬೇಕಾದವನೇ ತಾನೆ? ಇದನ್ನು ಅವನಿಗೆ ಬಿಡಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಕೊನೆಗೆ ಕೆಲವು ಷರತ್ತುಗಳನ್ನು ನಾನೇ ಹಾಕಿಕೊಂಡೆ: ಬೆಳಕು ಹರಿಯುವ ಮುನ್ನ ಹೊರಡುವುದಿಲ್ಲ, ಸಂಜೆ ನಾಲ್ಕರ ಮೇಲೆ ಓಡಿಸುವುದಿಲ್ಲ, ದಿನಕ್ಕೆ 150 ಕಿಲೋಮೀಟರ್ ಮೀರುವುದಿಲ್ಲ, ಗಂಟೆಗೊಮ್ಮೆ ನಿಲ್ಲಿಸುತ್ತೇನೆ.

ಪರವಾನಗಿಯ ವಿಚಾರಕ್ಕೆ ಇಲ್ಲಿಯೇ ಬರುತ್ತೇನೆ. ಐವತ್ತೈದು ದಾಟಿದವರಿಗೆ ಪರವಾನಗಿಯನ್ನು ಐದೈದು ವರ್ಷಕ್ಕೆ ಮಾತ್ರ ನವೀಕರಿಸಿಕೊಡಬೇಕೆಂದು ಕಾನೂನು ಈಗಾಗಲೇ ಹೇಳುತ್ತದೆ. ಜೊತೆಗೆ ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರವೂ ಬೇಕು. ಕಾನೂನಿನಲ್ಲಿ ಕೊರತೆ ಇಲ್ಲ. ಆದರೆ ಎರಡು ವರ್ಷದ ಹಿಂದೆ ನಾನು ಆ ನಮೂನೆಯನ್ನು ಹಿಡಿದು ಹೋದಾಗ, ವೈದ್ಯರೊಬ್ಬರು ನನ್ನ ಮುಖವನ್ನೂ ಸರಿಯಾಗಿ ನೋಡದೆ, ಹಿಂದಿನ ರೋಗಿಯ ಜೊತೆ ಮಾತನಾಡುತ್ತಲೇ ಸಹಿ ಹಾಕಿ ಕೊಟ್ಟರು. ಆಗ ನನ್ನ ಬಲಗಣ್ಣಿನಲ್ಲಿ ಪೊರೆ ಬೆಳೆದಿತ್ತು. ಎದುರು ಬರುವ ಲಾರಿಯ ದೀಪ ನನಗೆ ಚೌತಿಯ ಚಂದ್ರನಂತೆ ಒಡೆದು ಕಾಣುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು, ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟದೆ ಇದ್ದದ್ದು ನನ್ನ ಸ್ವಂತ ಭಯದಿಂದ, ಯಾವ ಪ್ರಮಾಣಪತ್ರದಿಂದಲೂ ಅಲ್ಲ. ಪತ್ರ ಬರೆದ ಓದುಗರು ಇದನ್ನು ಪ್ರಶ್ನಿಸಿದ್ದರೆ ನಾನು ಅವರ ಜೊತೆ ಸಹಿ ಹಾಕುತ್ತಿದ್ದೆ. ಕಣ್ಣನ್ನು ನಿಜವಾಗಿ ಪರೀಕ್ಷಿಸಲಿ, ಕುತ್ತಿಗೆ ತಿರುಗುತ್ತದೆಯೇ, ಬ್ರೇಕಿನ ಮೇಲೆ ಕಾಲು ಊರುತ್ತದೆಯೇ ನೋಡಲಿ, ಅರ್ಹರಲ್ಲದಿದ್ದರೆ ಐವತ್ತಕ್ಕೇ ನಿರಾಕರಿಸಲಿ. ಹುಟ್ಟಿದ ವರ್ಷವೊಂದನ್ನೇ ನೋಡಿ ಮನುಷ್ಯನನ್ನು ಮನೆಯಲ್ಲಿ ಕೂರಿಸುವುದಕ್ಕೆ ಮಾತ್ರ ನನ್ನ ವಿರೋಧ. ನನ್ನ ವ್ಯಾಗನಾರಿಗೂ ಮುಂದಿನ ವರ್ಷ ಹದಿನೈದು ತುಂಬುತ್ತದೆ. ಅದನ್ನೂ ಪರೀಕ್ಷೆ ಮಾಡಿಯೇ ಮರುನೋಂದಣಿ ಮಾಡುತ್ತಾರೆ, ವಯಸ್ಸು ನೋಡಿ ಗುಜರಿಗೆ ಕಳುಹಿಸುವುದಿಲ್ಲ.

ಹೊರಟ ದಿನ ನೆಲಮಂಗಲ ದಾಟುವವರೆಗೆ ನನ್ನ ಕೈಗಳು ಸ್ಟಿಯರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ, ಟೋಲ್ ಬಳಿ ನಿಂತಾಗ ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಹೊಸ ಬೈಪಾಸುಗಳಲ್ಲಿ ಹೋದರೆ ಊರುಗಳೇ ಸಿಗುವುದಿಲ್ಲವಾದ್ದರಿಂದ, ಸಾಧ್ಯವಾದಲ್ಲೆಲ್ಲ ಹಳೆಯ ರಸ್ತೆಯನ್ನೇ ಹಿಡಿದೆ; ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಎಂದು ಮೈಲಿಗಲ್ಲುಗಳಲ್ಲಿ ಬರೆದಿರುತ್ತಿದ್ದುದು ಅದೇ. ತುಮಕೂರಿನ ಬಿ.ಎಚ್. ರಸ್ತೆಯ ಸಂದಣಿಯಲ್ಲಿ ಆಟೋದವರೊಬ್ಬರಿಂದ ಬೈಸಿಕೊಂಡು, ಗುಬ್ಬಿ, ನಿಟ್ಟೂರು ದಾಟಿ, ಮಧ್ಯಾಹ್ನದ ಹೊತ್ತಿಗೆ ತಿಪಟೂರು ಸೇರಿದೆ. ಮಾವನವರ ಮನೆ ಇದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ, ನೆಲಮಟ್ಟದಲ್ಲಿ ಮೊಬೈಲ್ ಅಂಗಡಿ. ಎದುರಿನ ಕಡೆ ಕಾರು ನಿಲ್ಲಿಸಿ ನಾನು ಬಹಳ ಹೊತ್ತು ನೋಡುತ್ತಿದ್ದುದನ್ನು ಕಂಡು ಅಂಗಡಿಯ ಹುಡುಗ ಹೊರಗೆ ಬಂದ.

"ಯಾರು ಬೇಕಿತ್ತು ಯಜಮಾನ್ರೇ?"

"ಯಾರೂ ಬೇಡಪ್ಪ. ಇಲ್ಲಿ ನಮ್ಮ ಮಾವನವರ ಮನೆ ಇತ್ತು."

ಅವನು ಮರುಮಾತಾಡದೆ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಜಗಲಿ ಇದ್ದ ಜಾಗದಲ್ಲಿಯೇ, ಅದು ಅವನಿಗೆ ಗೊತ್ತಿರಲು ಸಾಧ್ಯವಿಲ್ಲ, ಹಾಕಿಕೊಟ್ಟ. ಕೂತೆ. ಇದು ಬೇರೆ ತರಹದ ಕೂರುವಿಕೆ. ಮುಂದೆ ರಸ್ತೆಯಲ್ಲಿ ಕೊಬ್ಬರಿ ಮೂಟೆ ತುಂಬಿದ ಲಾರಿ ಹೋಯಿತು, ಆ ಜಿಡ್ಡು ಸಿಹಿಯ ವಾಸನೆ ಬಂತು, ನನ್ನ ಪತ್ನಿಯ ಟ್ರಂಕಿನಲ್ಲಿ ಮದುವೆಯಾದ ಹೊಸದರಲ್ಲಿ ಇರುತ್ತಿದ್ದ ವಾಸನೆ. ಆ ರಾತ್ರಿ ಊರಿನಲ್ಲೇ ಉಳಿದು, ಮಾರನೆಯ ದಿನ ಹತ್ತು ಗಿಟುಕು ಕೊಬ್ಬರಿ ಕೊಂಡು ಮುಂದೆ ಹೊರಟೆ.

ಅರಸೀಕೆರೆಯ ಕಡೆಯ ಮನೆಗಳು ಹಿಂದೆ ಸರಿದಾಗ ನಾನು ಗಟ್ಟಿಯಾಗಿ, "ದಾಟಿದೆವು ನೋಡು" ಎಂದುಬಿಟ್ಟೆ. ಪಕ್ಕದ ಸೀಟಿನಲ್ಲಿ ಇದ್ದದ್ದು ನೀರಿನ ಬಾಟಲಿ ಮತ್ತು ಕೊಬ್ಬರಿಯ ಚೀಲ. ನಾಚಿಕೆಯಾಗಲಿಲ್ಲ.

ಇನ್ನು ನಾನು ಹೇಳಬೇಕೆಂದುಕೊಂಡ ಸಂಗತಿಗೆ ಬರುತ್ತೇನೆ. ಕಡೂರು ದಾಟಿ ಬೀರೂರಿನ ಕಡೆಗೆ ಹೋಗುವಾಗ ರಸ್ತೆಬದಿಯ ಒಂದು ಸಣ್ಣ ಹೋಟೆಲಿನಲ್ಲಿ ಇಡ್ಲಿಗೆ ನಿಲ್ಲಿಸಿದೆ. ಒಳಗೆ ಗ್ರೈಂಡರ್ ತಿರುಗುತ್ತಿತ್ತು. ಅದು ಶುರುವಾದೊಡನೆ ನನ್ನ ತಲೆಯ ಮೇಲಿನ ಬಲ್ಬು ಮಂಕಾಯಿತು, ಗಲ್ಲಾಪೆಟ್ಟಿಗೆಯ ಮೇಲಿನದು ಬೆಳ್ಳಗೆ ಕಣ್ಣು ಕುಕ್ಕುವಂತೆ ಉರಿಯಿತು; ನಿಲ್ಲಿಸಿದೊಡನೆ ಎರಡೂ ಒಂದೇ ಸಮವಾದವು. ಒಂದು ಮಂಕಾಗಿ ಇನ್ನೊಂದು ಹೆಚ್ಚಾದರೆ ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ತಂತಿ ಎಲ್ಲೋ ಬಿಟ್ಟಿದೆ ಎಂದೇ ಅರ್ಥ, ಲೈನಿನ ಕೆಲಸ ಮಾಡಿದವರಿಗೆ ಇದು ಅಕ್ಷರಾಭ್ಯಾಸ. ಮಾಲೀಕರನ್ನು ಕರೆದು, ಈ ವಾರದಲ್ಲಿ ಏನಾದರೂ ಸುಟ್ಟಿದೆಯೇ ಎಂದು ಕೇಳಿದೆ. ಅವರ ಮುಖ ಬದಲಾಯಿತು. ಮೂರು ಬಲ್ಬು, ಒಂದು ಮಿಕ್ಸಿ ಹೋಗಿದ್ದವಂತೆ, ಅಂಗಡಿಯವನು ಕಳಪೆ ಮಾಲು ಕೊಟ್ಟನೆಂದು ಜಗಳವನ್ನೂ ಆಡಿ ಬಂದಿದ್ದರಂತೆ. ಮೇನ್ ಆರಿಸಿ, ಲೈನ್‌ಮನ್ ಬರುವ ತನಕ ಯಾರೂ ಏನನ್ನೂ ಮುಟ್ಟಬೇಡಿ ಎಂದೆ. ಮುಕ್ಕಾಲು ಗಂಟೆಯಲ್ಲಿ ಲೈನ್‌ಮನ್ ಬೈಕಿನಲ್ಲಿ ಬಂದು, ಕಂಬ ಹತ್ತಿ, ತುಕ್ಕು ಹಿಡಿದು ಕೂದಲೆಳೆಯಷ್ಟರಲ್ಲಿ ಹಿಡಿದುಕೊಂಡಿದ್ದ ನ್ಯೂಟ್ರಲ್ ಜೋಡಣೆಯನ್ನು ಕಳಚಿ ಹೊಸದಾಗಿ ಕಟ್ಟಿದ. ಇಳಿದು ಬಂದವನು, "ಕೆಳಗಿಂದಲೇ ಹೇಗೆ ಗೊತ್ತಾಯ್ತು ಸಾರ್?" ಎಂದು ಕೇಳಿದ. ಕೆಇಬಿ ಎಂದೆ. ಅವನು ಟೋಪಿ ತೆಗೆದ.

ಎರಡೂವರೆ ವರ್ಷಗಳಲ್ಲಿ ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ ಎಂಬುದು ನನಗೆ ತಿಳಿದದ್ದು ಆ ಬೆಂಚಿನ ಮೇಲೆ. ಊಟವಾಯಿತೇ, ಮಾತ್ರೆ ತೆಗೆದುಕೊಂಡಿರೇ ಎಂಬವು ಪ್ರಶ್ನೆಗಳಲ್ಲ, ಹಾಜರಿ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲೆಂದು ಒಬ್ಬರು ನನ್ನತ್ತ ತಿರುಗಿ ಕೇಳಿ, ನಾನು ಹೇಳಿ, ಹೇಳಿದ್ದು ಸರಿಯಾಗಿ ದೀಪ ನೆಟ್ಟಗೆ ಉರಿದ ಆ ಹೊತ್ತಿನಲ್ಲಿ ನನಗೆ ಹಸಿವಾಯಿತು. ಅದು ಇಡ್ಲಿ ತಿಂದು ಒಂದು ಗಂಟೆಯಾದ ಮೇಲೆ! ಮತ್ತೆ ಎರಡು ಇಡ್ಲಿ ಹಾಕಿಸಿಕೊಂಡೆ. ಮಾಲೀಕರು ಹಣ ತೆಗೆದುಕೊಳ್ಳಲಿಲ್ಲ. ಮಕ್ಕಳು ನನ್ನಿಂದ ಕಿತ್ತುಕೊಂಡದ್ದು ಕೆಲಸವನ್ನೇ ಎಂದು ನಾನು ಅವರನ್ನು ದೂರುತ್ತಿಲ್ಲ, ಪ್ರೀತಿಯಿಂದಲೇ ಮಾಡಿದರು. ಆದರೆ ಹಾಲಿನ ಲೆಕ್ಕವನ್ನೂ ಬಿಲ್ಲಿನ ಸಾಲನ್ನೂ ಸೊಪ್ಪಿನ ಚೌಕಾಸಿಯನ್ನೂ ತೆಗೆದುಬಿಟ್ಟರೆ ಮುದುಕನ ದಿನದಲ್ಲಿ ಉಳಿಯುವುದು ದುಃಖವೊಂದೇ, ಅದಕ್ಕೂ ಬೇರೆ ಕೆಲಸವಿಲ್ಲದೆ ಅದು ಬೆಳೆಯುತ್ತದೆ.

ದಾರಿಯೆಲ್ಲ ಹೂವು ಹಾಸಿತ್ತು ಎಂದು ತಿಳಿಯಬಾರದು. ನಡುವಿನ ಒಂದು ಊರಿನ ಲಾಡ್ಜಿನಲ್ಲಿ, ಊರಿನ ಹೆಸರು ಬೇಡ, ವ್ಯವಸ್ಥಾಪಕರು ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಜೊತೆಗೆ ಯಾರೂ ಇಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಒಬ್ಬರೇ ಇರುವವರಿಗೆ ರೂಮು ಕೊಡುವುದಿಲ್ಲ, ಅದರಲ್ಲೂ ವಯಸ್ಸಾದವರಿಗೆ, ನಾಳೆ ಬಾಗಿಲು ಒಡೆಯುವ ಪ್ರಸಂಗ ಬಂದರೆ ಪೊಲೀಸು, ಕೋರ್ಟು ಎಂದು ತಾವು ಅಲೆಯಬೇಕಾಗುತ್ತದೆ ಎಂದರು. ಅವರು ಕೆಟ್ಟವರಲ್ಲ, ಹಿಂದೆ ಅಂಥದೇನೋ ಅನುಭವಿಸಿದ್ದರೆಂದು ಕಾಣುತ್ತದೆ. ಆದರೆ ಮಗನಿಗೆ ಫೋನು ಮಾಡಿಸಿ, ಅಪ್ಪ ಸಾಯಲು ಬಂದಿಲ್ಲ ಎಂದು ಅವನಿಂದ ಹೇಳಿಸಿದ ಮೇಲೆಯೇ ಬೀಗದ ಕೈ ಕೊಟ್ಟದ್ದು. ಹೆಂಡತಿ ಸತ್ತ ಗಂಡಸು ಒಬ್ಬನೇ ಊರು ಬಿಟ್ಟನೆಂದರೆ ಲೋಕಕ್ಕೆ ಮೊದಲು ಹೊಳೆಯುವುದು ಅದೇ. ಬೆಂಗಳೂರಿಗೆ ಮರಳಿ ಈ ಕತೆಯನ್ನು ನಗುತ್ತ ಹೇಳಿದಾಗ, ಗಂಡನನ್ನು ಕಳೆದುಕೊಂಡು ಹತ್ತು ವರ್ಷವಾಗಿರುವ ನನ್ನ ತಂಗಿ ನಗಲಿಲ್ಲ. "ನೀನು ಹೋದರೆ ಪ್ರವಾಸ ಅಣ್ಣ, ನಾನು ಹೋದರೆ ಊರು ಸುತ್ತೋದು" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ತೊಂದರೆಯನ್ನು ಸಂಕೋಚ ಬಿಟ್ಟು ಬರೆಯುತ್ತೇನೆ. ಎಪ್ಪತ್ತರ ಮೇಲಿನ ಗಂಡಸಿಗೆ ಗಂಟೆಗೊಮ್ಮೆ ಶೌಚಾಲಯ ಬೇಕು. ಟೋಲ್ ಇರುವ ಹೆದ್ದಾರಿಯಲ್ಲಿ ಹೇಗೋ ನಡೆಯುತ್ತದೆ. ಹಳೆಯ ರಸ್ತೆಯಲ್ಲಿ ಊರಿನಿಂದ ಊರಿಗೆ ಬಸ್ ನಿಲ್ದಾಣವನ್ನೇ ಹುಡುಕಿಕೊಂಡು ಹೋಗಬೇಕು, ಅಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಪೆಟ್ರೋಲ್ ಬಂಕುಗಳಲ್ಲಿ ಇದೆ, ಕೆಲವು ಕಡೆ ಬೀಗ ಹಾಕಿ ಬೀಗದ ಕೈ ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಹೆಂಗಸರ ಪಾಡನ್ನು ನಾನು ಹೇಳಬೇಕಾಗಿಲ್ಲ. ನನ್ನ ಪತ್ನಿ ಪ್ರಯಾಣದ ದಿನ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ ಎಂಬುದಕ್ಕೆ ಕಾರಣವನ್ನು ನಾನು ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ, ಅದು ಹೊಳೆದದ್ದು ತರೀಕೆರೆಯ ಹತ್ತಿರ, ಇಂಥದೇ ಒಂದು ಬೀಗದ ಮುಂದೆ ನಿಂತಾಗ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಚಿಮಣಿಗಳನ್ನು ದೂರದಿಂದ ನೋಡಿ, ಶಿವಮೊಗ್ಗದಲ್ಲಿ ತುಂಗೆಯ ದಡದಲ್ಲಿ ಒಂದು ದಿನ ಸುಮ್ಮನಿದ್ದು, ಸಾಗರಕ್ಕೆ ಹೋದೆ. ಅಲ್ಲಿ ಚಹಾದಂಗಡಿಯಲ್ಲಿ ನನ್ನ ಓರಗೆಯವರೊಬ್ಬರು ಸಿಕ್ಕಿದರು. ಸಿಗಂದೂರಿನ ಕಡೆಗೆ ಹೋಗಬೇಕು, ಬಸ್ಸು ತಪ್ಪಿತು ಎಂದಾಗ ನಾನೇ ಕರೆದುಕೊಂಡು ಹೋದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿಯ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಹೊಸ ಸೇತುವೆ ತೆರೆದಿದೆ. ಅದಕ್ಕೆ ಮುನ್ನ ಅಲ್ಲಿನವರಿಗೆ ಲಾಂಚೇ ಗತಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಈ ಹಿರಿಯರಿಗೆ ಹತ್ತೋ ಹನ್ನೆರಡೋ ವರ್ಷ. ಸೇತುವೆ ದಾಟಿ ಕಾರು ನಿಲ್ಲಿಸಿ, ನೀರಿನ ಕಡೆಗೆ ಕೈ ತೋರಿಸಿ, "ಆ ಗುಡ್ಡದ ಬುಡ ಕಾಣ್ತದಲ್ಲ, ಅದರ ಕೆಳಗೆ ನಮ್ಮ ಕಣ ಇತ್ತು" ಎಂದರು. ಅಲ್ಲಿ ನೀರಲ್ಲದೆ ಏನೂ ಇರಲಿಲ್ಲ. ನನ್ನ ಕೆಲಸ ಏನಾಗಿತ್ತೆಂದು ಅವರು ಕೇಳಿದಾಗ ಹೇಳಲು ಹಿಂಜರಿದೆ, ಆದರೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮನೆ ಅಂಗಳದ ನೀರಿನ ಲೆಕ್ಕ ಬೆಂಗಳೂರಲ್ಲಿ ನೀವು ಬರೀತಿದ್ರಿ ಅನ್ನಿ" ಎಂದು ನಕ್ಕುಬಿಟ್ಟರು. ಮನೆಗೆ ಕರೆದೊಯ್ದು ಊಟ ಹಾಕಿದರು. ಒಂದೆಲಗದ ತಂಬುಳಿಯನ್ನು ಎರಡು ಸಲ ಬಡಿಸಿಕೊಂಡೆ. ಆ ಊರಿನ ಕೆಲವರಿಗೆ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಭೂಮಿಯ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲವೆಂಬುದನ್ನು ಊಟದ ನಡುವೆ, ದೂರಿನ ದನಿಯಿಲ್ಲದೆ, ಮಳೆಯ ಸುದ್ದಿ ಹೇಳುವಂತೆ ಹೇಳಿದರು. ನಾನು ತಲೆ ತಗ್ಗಿಸಿ ಉಂಡೆ.

ಜೋಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದವರು ಬಹಳ. ನವೆಂಬರಿನಲ್ಲಿ ನೀರು ತೆಳ್ಳಗಿತ್ತು. ಆಗಸ್ಟಿನಲ್ಲಿ ಬರಬೇಕಿತ್ತು ಎಂದು ಪಕ್ಕದಲ್ಲಿದ್ದವರು ಪೇಚಾಡುತ್ತಿದ್ದರು. ನಾನು 830 ಅಡಿಯ ಬಂಡೆಗೆ ಬೆನ್ನು ಮಾಡಿ, ಕಾಡಿನ ಮೇಲೆ ಸಾಲಾಗಿ ಹೊರಟ ವಿದ್ಯುತ್ ಗೋಪುರಗಳನ್ನು ನೋಡುತ್ತ ನಿಂತಿದ್ದೆ. ಜೋಗದಲ್ಲಿ 1948ರಿಂದ ಕರೆಂಟು ತಯಾರಾಗುತ್ತಿದೆ. ಆಮೇಲೆ ಬಂದ ಶರಾವತಿ ಕೇಂದ್ರದ ಸಾಮರ್ಥ್ಯ 1,035 ಮೆಗಾವಾಟ್. ಬಂಡೆಯ ಮೇಲೆ ಇಲ್ಲದ ನೀರು ಎಲ್ಲಿ ಹೋಯಿತೆಂದು ಆ ಜನರಲ್ಲಿ ಹೇಳಬಲ್ಲವನು ನಾನೊಬ್ಬನೇ ಇದ್ದೆನೇನೋ.

ಘಟ್ಟದಲ್ಲಿ ಎರಡನೇ ಗೇರಿನಲ್ಲಿ, ಪ್ರತಿ ತಿರುವಿಗೂ ಹಾರ್ನ್ ಹಾಕುತ್ತ, ಹಿಂದಿನವರಿಗೆಲ್ಲ ದಾರಿ ಬಿಟ್ಟುಕೊಡುತ್ತ ಇಳಿದೆ. ಒಂದು ತಿರುವಿನಲ್ಲಿ ಸಿಂಗಳೀಕದ ಹಿಂಡು ಮರದಿಂದ ಮರಕ್ಕೆ ಹಾರಿದ್ದನ್ನು ನೋಡಲು ನಿಂತದ್ದು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ಗೇರುಸೊಪ್ಪೆಯ ಮೇಲೆ ನದಿ ಎಡಬಲಕ್ಕೆ ಸುಳಿಯುತ್ತ ಜೊತೆಯಲ್ಲೇ ಬರುತ್ತದೆ. ಹೊನ್ನಾವರದಲ್ಲಿ ಬಿ.ಎಚ್. ರಸ್ತೆ ಕರಾವಳಿಯ ಹೆದ್ದಾರಿಯನ್ನು ಸೇರಿ ಮುಗಿದುಹೋಗುತ್ತದೆ, ನದಿಯೂ ಅಲ್ಲೇ ಸಮುದ್ರವನ್ನು ಸೇರುತ್ತದೆ. ಅಲ್ಲಿ ಏನೋ ದೊಡ್ಡದಾಗಿ ಅನ್ನಿಸುತ್ತದೆಂದು ಕಾದಿದ್ದೆ. ಅಸ್ಥಿಯನ್ನು ಎರಡು ವರ್ಷದ ಹಿಂದೆಯೇ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗಿತ್ತು, ಇಲ್ಲಿ ಮಾಡಬೇಕಾದದ್ದು ಏನೂ ಇರಲಿಲ್ಲ. ಉಳಿದುಕೊಂಡ ಲಾಡ್ಜಿನ ಹುಡುಗನಿಗೆ ತಿಪಟೂರಿನ ಕೊಬ್ಬರಿ ಎಂದು ಎರಡು ಗಿಟುಕು ಕೊಟ್ಟೆ. ಅವನು ಕಿಟಕಿಯ ಹೊರಗೆ ಕಣ್ಣು ಹಾಯಿಸಿದಷ್ಟೂ ನಿಂತಿದ್ದ ತೆಂಗಿನ ಮರಗಳನ್ನು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿದ್ದುದನ್ನು ನೋಡಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಮಂಚದ ಅಂಚನ್ನು ಹಿಡಿದುಕೊಂಡು ನಕ್ಕೆ. ನನ್ನ ಪತ್ನಿ ಇದ್ದಿದ್ದರೆ ಮೊದಲು ನಗುತ್ತಿದ್ದವರು ಅವರೇ.

ಮರಳುವಾಗ ಭಟ್ಕಳ, ಮರವಂತೆ, ಉಡುಪಿ ನೋಡಿ, ಹೆಬ್ರಿಯ ಮೇಲೆ ಆಗುಂಬೆ ಹತ್ತಿ, ತೀರ್ಥಹಳ್ಳಿಯ ಹತ್ತಿರ ಶರಾವತಿ ಹುಟ್ಟುವ ಅಂಬುತೀರ್ಥಕ್ಕೂ ಹೋಗಿಬಂದೆ. ಮನೆ ಮುಟ್ಟಿದಾಗ ಮೀಟರಿನಲ್ಲಿ 1,184 ಕಿಲೋಮೀಟರ್ ಏರಿತ್ತು. ಹಳೆಯ ಅಭ್ಯಾಸ, ಬರೆದಿಟ್ಟಿದ್ದೇನೆ. ಮಾರನೆಯ ದಿನ ಹಾಲು ತರುವ ವ್ಯವಸ್ಥೆಯನ್ನು ನಿಲ್ಲಿಸುವಂತೆ ಮಗನಿಗೆ ಹೇಳಿದೆ. ಈಗ ನಾನೇ ಹೋಗಿ ತರುತ್ತೇನೆ, ಕರೆಂಟು ಬಿಲ್ಲನ್ನೂ ನಾನೇ ಕಟ್ಟುತ್ತೇನೆ, ಒಂದು ಸಲ ತಡವೂ ಆಯಿತು.

ಎಲ್ಲರ ಬಳಿ ಕಾರಿಲ್ಲ, ಎಲ್ಲರ ಕಣ್ಣೂ ನನ್ನಷ್ಟು ಸರಿಯಿಲ್ಲ ಎಂಬುದು ನನಗೆ ಗೊತ್ತಿದೆ. ಅಂಥವರಿಗಾಗಿ ಕೆಎಸ್‌ಆರ್‌ಟಿಸಿ ಅರವತ್ತು ದಾಟಿದವರಿಗೆ ಶೇ 25ರ ರಿಯಾಯಿತಿ ಕೊಡುತ್ತದೆ. ರೈಲಿನಲ್ಲಿ ಅರವತ್ತು ದಾಟಿದ ಗಂಡಸರಿಗೆ ಶೇ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ 50ರಷ್ಟು ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ಹೇಳಿ ನಿಲ್ಲಿಸಿದರು. ಹಿರಿಯರು ಮನೆಯಲ್ಲೇ ಇರಲಿ ಎಂಬುದು ಆಗಿನ ಉದ್ದೇಶ. ಕೊರೊನಾ ಹೋಯಿತು, ಉದ್ದೇಶ ಉಳಿದಂತಿದೆ. ಪರವಾನಗಿಯನ್ನು ಕಿತ್ತುಕೊಳ್ಳುವ ಬಗ್ಗೆ ಚರ್ಚೆ ಮಾಡುವವರು ಇದರ ಬಗ್ಗೆಯೂ ಎರಡು ಸಾಲು ಬರೆದರೆ ಒಳ್ಳೆಯದು. ಹಾಗೆಯೇ, ಗುರುತಿನ ಚೀಟಿ ಇರುವ ಹಿರಿಯರು ಒಂಟಿಯಾಗಿ ಬಂದರೆ ಲಾಡ್ಜಿನವರು ನಿರಾಕರಿಸಬಾರದೆಂದು ಪ್ರವಾಸೋದ್ಯಮ ಇಲಾಖೆ ಒಂದು ಸೂಚನೆ ಹೊರಡಿಸಲಿ, ಹಳೆಯ ಹೆದ್ದಾರಿಗಳ ಊರುಗಳಲ್ಲಿ ಬೀಗವಿಲ್ಲದ ಒಂದೊಂದು ಶೌಚಾಲಯವಾದರೂ ಇರಲಿ.

ಕೊನೆಯದಾಗಿ, ತಮ್ಮಲ್ಲಿಯೇ ಒಂದು ಮನವಿ. ಮಳೆಗಾಲದಲ್ಲಿ ತಾವು ದಿನವೂ ಜಲಾಶಯಗಳ ಮಟ್ಟವನ್ನು ಒಂದು ಸಣ್ಣ ಚೌಕದಲ್ಲಿ ಪ್ರಕಟಿಸುತ್ತೀರಿ. ನಾನು ಕೆಲಸದಲ್ಲಿದ್ದ ಕಾಲದಿಂದಲೂ ನನ್ನ ಪತ್ನಿ ಬೆಳಗಿನ ಕಾಫಿಯ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಏಕೆಂದರೆ ಮುಂದಿನ ಬೇಸಿಗೆಯಲ್ಲಿ ನನಗೆ ರಜೆ ಸಿಗುತ್ತದೆಯೋ ಇಲ್ಲವೋ ಎಂಬುದು ಅದರಲ್ಲಿಯೇ ತಿಳಿಯುತ್ತಿತ್ತು. "ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ" ಎಂದು ಶುರುಮಾಡಿ, ಇಂದಿನ ಮಟ್ಟ ಹೇಳುವ ಮುನ್ನ ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಈಗ ಅದನ್ನು ನಾನು ಓದುತ್ತೇನೆ. ಆದರೆ ಮಳೆ ನಿಂತೊಡನೆ ತಾವು ಆ ಚೌಕವನ್ನು ತೆಗೆದುಬಿಡುತ್ತೀರಿ. ಬೇಸಿಗೆಯಲ್ಲೂ, ವಾರಕ್ಕೆ ಒಂದು ಸಲವಾದರೂ, ಅದನ್ನು ಪ್ರಕಟಿಸಲು ಸಾಧ್ಯವೇ ಎಂದು ದಯಮಾಡಿ ಯೋಚಿಸಬೇಕು. ಆ ನೀರು ಎಲ್ಲಿಯವರೆಗೆ ಇಳಿದಿದೆ, ಯಾವ ಗುಡ್ಡದ ಬುಡ ಕಾಣತೊಡಗಿದೆ ಎಂದು ತಿಳಿಯಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿದ್ಯುತ್ ಮಂಡಳಿ ನೌಕರ,
ರಾಜಾಜಿನಗರ, ಬೆಂಗಳೂರು